ವಿನೈಲ್ ಧ್ವನಿಮುದ್ರಿಕೆಗಳಲ್ಲಿ ಸ್ಥಿರ ವಿದ್ಯುತ್ತು

ವಿನೈಲ್ ಧ್ವನಿಮುದ್ರಿಕೆಗಳಲ್ಲಿ ಸ್ಥಿರ ವಿದ್ಯುತ್ತು ಎಂದರೆ ಗ್ರಾಮಫೋನ್ ತಟ್ಟೆಯ ಮೇಲ್ಮೈಯಲ್ಲಿ ಸಂಗ್ರಹವಾಗಿ, ಹರಿದುಹೋಗಲು ದಾರಿಯಿಲ್ಲದೆ ಅಲ್ಲಿಯೇ ಉಳಿಯುವ ವಿದ್ಯುದಾವೇಶ. ತಟ್ಟೆಯು ಕಾಗದ, ಬಟ್ಟೆ, ಕೈ ಮೊದಲಾದವುಗಳೊಡನೆ ತಾಗಿ ಬೇರ್ಪಟ್ಟಾಗ ಇದು ಉಂಟಾಗುತ್ತದೆ. ನುಡಿಸುವಾಗ ಕೇಳಿಬರುವ ಚಟಪಟ ಸದ್ದು, ತಟ್ಟೆಗೆ ಅಂಟಿಕೊಂಡು ಬಿಡದ ಧೂಳು, ತಟ್ಟೆಯನ್ನು ಎತ್ತುವಾಗ ಬೆರಳಿಗೆ ತಾಗುವ ಸಣ್ಣ ಚುರುಕು ಇದರ ಸಾಮಾನ್ಯ ಲಕ್ಷಣಗಳು. ಆವೇಶವು ತಾತ್ಕಾಲಿಕವಾದುದು. ಆದರೆ ಅದು ಹಿಡಿದಿಟ್ಟ ಧೂಳಿನ ಮೇಲೆ ವಜ್ರದ ಮುಳ್ಳು ಹಾದುಹೋದಾಗ ಆಗುವ ಸವೆತ ಶಾಶ್ವತವಾದುದು. ಆದ್ದರಿಂದ ಸ್ಥಿರ ವಿದ್ಯುತ್ತನ್ನು ತಗ್ಗಿಸುವುದು ಧ್ವನಿಮುದ್ರಿಕೆಗಳ ಸಂರಕ್ಷಣೆಯ ಒಂದು ಮುಖ್ಯ ಅಂಗವಾಗಿದೆ.

ಉಂಟಾಗುವ ಬಗೆ

ಎರಡು ಬೇರೆ ಬೇರೆ ವಸ್ತುಗಳು ಪರಸ್ಪರ ತಾಗಿ ಬೇರ್ಪಟ್ಟಾಗ ಒಂದರ ಮೇಲ್ಮೈಯಿಂದ ಇನ್ನೊಂದಕ್ಕೆ ಇಲೆಕ್ಟ್ರಾನುಗಳು ವರ್ಗಾವಣೆಯಾಗುವುದುಂಟು. ಇಲೆಕ್ಟ್ರಾನುಗಳನ್ನು ಪಡೆದ ವಸ್ತು ಋಣಾವೇಶವನ್ನೂ ಕಳೆದುಕೊಂಡ ವಸ್ತು ಧನಾವೇಶವನ್ನೂ ಹೊಂದುತ್ತದೆ. ಒಣಗಿದ ಕೂದಲನ್ನು ಬಾಚಿದ ಪ್ಲಾಸ್ಟಿಕ್ ಬಾಚಣಿಗೆಯು ಕಾಗದದ ಚೂರುಗಳನ್ನು ಸೆಳೆಯುವ ಶಾಲಾ ಪ್ರಯೋಗದಲ್ಲಿ ಕಾಣುವುದು ಇದೇ ವಿದ್ಯಮಾನ. ಉಜ್ಜುವಿಕೆಯಿಂದ ಸಂಪರ್ಕ ಹೆಚ್ಚುವುದರಿಂದ ಆವೇಶವೂ ಹೆಚ್ಚುತ್ತದೆ. ಆದರೆ ತಾಗಿ ಬೇರ್ಪಟ್ಟರೂ ಸಾಕು, ಆವೇಶ ಉಂಟಾಗಬಲ್ಲದು.

ವಸ್ತುಗಳನ್ನು ಅವುಗಳ ಆವೇಶ ಪಡೆಯುವ ಪ್ರವೃತ್ತಿಗೆ ಅನುಸಾರವಾಗಿ ಒಂದು ಶ್ರೇಣಿಯಲ್ಲಿ ಜೋಡಿಸಲಾಗಿದೆ. ಗಾಜು, ನೈಲಾನ್, ಉಣ್ಣೆ, ಮನುಷ್ಯನ ಚರ್ಮ ಇವು ಧನಾವೇಶದ ಕಡೆಗಿವೆ. ಹತ್ತಿ ಮತ್ತು ಕಾಗದ ಮಧ್ಯಭಾಗದ ಸಮೀಪದಲ್ಲಿವೆ. ಧ್ವನಿಮುದ್ರಿಕೆಗಳ ಮುಖ್ಯ ಘಟಕವಾದ ಪಾಲಿವಿನೈಲ್ ಕ್ಲೋರೈಡ್ ಋಣಾವೇಶದ ತುದಿಗೆ ಹತ್ತಿರದಲ್ಲಿದೆ. ಹೀಗಾಗಿ ವಿನೈಲ್ ತಟ್ಟೆಯು ಮನೆಯಲ್ಲಿ ಸಿಗುವ ಬಹುತೇಕ ವಸ್ತುಗಳಿಂದ ಇಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುತ್ತದೆ.

ವಿನೈಲ್ ಉತ್ತಮ ಅವಾಹಕವೂ ಹೌದು. ಲೋಹದ ತಟ್ಟೆಯ ಮೇಲೆ ಆವೇಶವಿದ್ದರೆ ಅದರ ಯಾವುದೇ ಒಂದು ಬಿಂದುವನ್ನು ಮುಟ್ಟಿದರೂ ಇಡೀ ಆವೇಶವು ಭೂಮಿಗೆ ಹರಿದುಹೋಗುತ್ತದೆ. ವಿನೈಲ್‌ನಲ್ಲಿ ಹಾಗಾಗುವುದಿಲ್ಲ. ಒಂದು ಕಡೆ ಮುಟ್ಟಿದರೆ ಅಲ್ಲಿನ ಆವೇಶ ಮಾತ್ರ ಕಡಿಮೆಯಾಗಿ, ಬೆರಳಗಲದ ಆಚೆಗಿನ ಆವೇಶ ಇದ್ದಲ್ಲಿಯೇ ಉಳಿಯುತ್ತದೆ. ಒಣ ಹವೆಯಲ್ಲಿ ಇದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಉಳಿಯಬಲ್ಲದು. ಮುಂದೆ ವಿವರಿಸಿರುವ ಎಲ್ಲ ಉಪಾಯಗಳೂ ಈ ಒಂದು ಸಂಗತಿಯನ್ನು ಆಧರಿಸಿವೆ: ಒಂದೋ ಆವೇಶ ಉಂಟಾಗದಂತೆ ನೋಡಿಕೊಳ್ಳಬೇಕು, ಇಲ್ಲವೇ ಉಂಟಾದ ಆವೇಶಕ್ಕೆ ತಟ್ಟೆಯ ಮೇಲ್ಮೈಯ ಉದ್ದಗಲಕ್ಕೂ ಹೋಗುವ ದಾರಿಯನ್ನು ಒದಗಿಸಬೇಕು.

ನುಡಿಸುವಾಗ ಮುಳ್ಳು ಮತ್ತು ಗೆರೆಯ ನಡುವಿನ ಘರ್ಷಣೆಯೇ ಆವೇಶದ ಮುಖ್ಯ ಕಾರಣವೆಂದು ಅನೇಕರು ಭಾವಿಸುವುದುಂಟು. ಮುಳ್ಳಿನ ತುದಿಯು ಗೆರೆಯನ್ನು ಮುಟ್ಟುವ ಜಾಗ ಅತಿ ಕಿರಿದು. ಲಕೋಟೆಯಿಂದ ಹೊರಗೆ ಎಳೆಯುವಾಗ, ಬಟ್ಟೆಯಿಂದ ಒರೆಸುವಾಗ, ಹಾಸಿನ ಮೇಲಿನಿಂದ ಎತ್ತುವಾಗ ತಟ್ಟೆಯ ಇಡೀ ಮೇಲ್ಮೈ ಇನ್ನೊಂದು ವಸ್ತುವಿನಿಂದ ಬೇರ್ಪಡುತ್ತದೆ. ಆದ್ದರಿಂದ ಆವೇಶದ ಬಹುಪಾಲು ಉಂಟಾಗುವುದು ನುಡಿಸುವುದಕ್ಕೆ ಮುನ್ನ ಮತ್ತು ನುಡಿಸಿದ ಬಳಿಕದ ಕೈಗೆಲಸದಲ್ಲಿ.

ಹಿನ್ನೆಲೆ

20ನೆಯ ಶತಮಾನದ ಮೊದಲರ್ಧದಲ್ಲಿ ಬಳಕೆಯಲ್ಲಿದ್ದ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳನ್ನು ಅರಗಿಗೆ ಖನಿಜಗಳ ಪುಡಿಯನ್ನು ಬೆರೆಸಿ ತಯಾರಿಸಲಾಗುತ್ತಿತ್ತು. ಈ ಅರಗಿನ ಬಹುಪಾಲು ಭಾರತದಿಂದಲೇ ರಫ್ತಾಗುತ್ತಿತ್ತು. ಒರಟಾದ ಪುಡಿಯ ಮೇಲೆ ಉಕ್ಕಿನ ಮುಳ್ಳು ಹರಿದಾಡುವಾಗ ಉಂಟಾಗುವ ನಿರಂತರವಾದ ಸರಸರ ಸದ್ದಿನಲ್ಲಿ ಇತರ ಸಣ್ಣ ಸದ್ದುಗಳು ಮುಚ್ಚಿಹೋಗುತ್ತಿದ್ದವು.

1948ರ ಜೂನ್ ತಿಂಗಳಿನಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯು ನಿಮಿಷಕ್ಕೆ 33⅓ ಸುತ್ತು ತಿರುಗುವ ವಿನೈಲ್ ಎಲ್.ಪಿ. ತಟ್ಟೆಯನ್ನು ಬಿಡುಗಡೆ ಮಾಡಿತು. 1949ರಲ್ಲಿ ಆರ್.ಸಿ.ಎ. ವಿಕ್ಟರ್ ಸಂಸ್ಥೆಯ 45 ಸುತ್ತಿನ ತಟ್ಟೆ ಬಂದಿತು. ವಿನೈಲ್ ಮೇಲ್ಮೈ ನುಣುಪಾಗಿದ್ದುದರಿಂದ ಗೆರೆಗಳನ್ನು ಬಹಳ ಸಣ್ಣದಾಗಿ, ಒತ್ತೊತ್ತಾಗಿ ಕೊರೆಯಲು ಸಾಧ್ಯವಾಯಿತು, ಹಿನ್ನೆಲೆಯ ಸದ್ದೂ ಅಡಗಿತು. ಆದರೆ ಆ ನಿಶ್ಶಬ್ದದಲ್ಲಿ ಧೂಳಿನ ಒಂದು ಕಣದ ಸದ್ದು, ಒಂದು ಸಣ್ಣ ಕಿಡಿಯ ಸದ್ದು ಎದ್ದು ಕೇಳಿಸತೊಡಗಿತು. ಸ್ಥಿರ ವಿದ್ಯುತ್ತು ಕೇಳುಗರ ಸಮಸ್ಯೆಯಾಗಿ ಎದ್ದು ಕಂಡದ್ದು ಈ ಬದಲಾವಣೆಯೊಂದಿಗೆ.

ತಯಾರಕರು ವಸ್ತುವಿನ ಮಿಶ್ರಣದಲ್ಲಿಯೇ ಪರಿಹಾರವನ್ನು ಹುಡುಕಿದ್ದುಂಟು. ಆರ್.ಸಿ.ಎ. ವಿಕ್ಟರ್ 1960ರ ದಶಕದಲ್ಲಿ ‘317ಎಕ್ಸ್’ ಎಂಬ ಆವೇಶನಿರೋಧಕ ಪದಾರ್ಥವನ್ನು ಬೆರೆಸಿದ ತಟ್ಟೆಗಳನ್ನು ‘ಮಿರಾಕಲ್ ಸರ್ಫೇಸ್’ ಎಂಬ ಹೆಸರಿನಲ್ಲಿ ಮಾರಾಟ ಮಾಡಿತು. ಸಾಮಾನ್ಯ ತಟ್ಟೆಗಳಿಗೆ ಕಪ್ಪು ಬಣ್ಣ ಬರುವುದು ಇಂಗಾಲದ ಮಸಿಯಿಂದ. ಇಂಗಾಲವು ವಾಹಕವಾದರೂ ಅದರ ಪ್ರಮಾಣ ಬಹಳ ಕಡಿಮೆ ಇರುವುದರಿಂದ ತಟ್ಟೆಯು ಅವಾಹಕವಾಗಿಯೇ ಉಳಿಯುತ್ತದೆ. ಅದೇ ಸಂಸ್ಥೆಯು 1981ರಲ್ಲಿ ಹೊರತಂದ ವಿಡಿಯೊ ತಟ್ಟೆಗಳಲ್ಲಿ ಹೆಚ್ಚು ಇಂಗಾಲವನ್ನು ಬೆರೆಸಿ ಪಿ.ವಿ.ಸಿ.ಯನ್ನು ವಾಹಕವನ್ನಾಗಿ ಮಾಡಲಾಗಿತ್ತು.

ಪರಿಣಾಮಗಳು

ಧೂಳಿನ ಆಕರ್ಷಣೆ: ಆವೇಶವುಳ್ಳ ತಟ್ಟೆಯು ವಿರುದ್ಧ ಆವೇಶದ ಕಣಗಳನ್ನು ಮಾತ್ರವಲ್ಲದೆ ಆವೇಶವಿಲ್ಲದ ಕಣಗಳನ್ನೂ ಸೆಳೆಯುತ್ತದೆ. ಕಣದೊಳಗಿನ ಆವೇಶಗಳು ಪ್ರೇರಣೆಯಿಂದ ಸ್ವಲ್ಪ ಸರಿದು, ತಟ್ಟೆಗೆ ಹತ್ತಿರದ ಬದಿಯಲ್ಲಿ ವಿರುದ್ಧ ಆವೇಶ ಕಾಣಿಸಿಕೊಳ್ಳುವುದೇ ಇದಕ್ಕೆ ಕಾರಣ. ಎಲ್.ಪಿ. ತಟ್ಟೆಯ ಗೆರೆಯ ಅಗಲ ಸುಮಾರು 0.05 ಮಿ.ಮೀ. ಮಾತ್ರ. ಅದರೊಳಗೆ ಸೇರಿದ ಕಣದ ಮೇಲೆ ಮುಳ್ಳು ಹಾದುಹೋಗುತ್ತದೆ. ಮುಳ್ಳಿನ ಭಾರ ಸಾಮಾನ್ಯವಾಗಿ 1.5ರಿಂದ 2 ಗ್ರಾಂ ಇದ್ದರೂ ಅದು ಬೀಳುವ ಜಾಗ ಅತ್ಯಲ್ಪವಾದುದರಿಂದ ಒತ್ತಡ ಬಹಳ ದೊಡ್ಡದು. ಹೀಗೆ ಒತ್ತಿದ ಗಡಸು ಕಣವು ಮೆದುವಾದ ವಿನೈಲ್ ಗೋಡೆಯಲ್ಲಿ ನಾಟಿಕೊಳ್ಳುತ್ತದೆ ಇಲ್ಲವೇ ಅದನ್ನು ಗೀರುತ್ತದೆ. ಆಗ ಉಂಟಾದ ಸದ್ದು ಮುಂದೆ ತೊಳೆದರೂ ಹೋಗದು.

ವಿಸರ್ಜನೆಯ ಸದ್ದು: ತಟ್ಟೆಯ ಮೇಲಿನ ಆವೇಶವು ಮುಳ್ಳನ್ನು ಹೊತ್ತ ಕಾರ್ಟ್ರಿಜ್‌ಗೆ ಸಣ್ಣ ಕಿಡಿಯಾಗಿ ಹಾರಿದಾಗ ‘ಟಪ್’ ಎಂಬ ಸದ್ದು ಕೇಳಿಸುತ್ತದೆ. ಸಾಮಾನ್ಯ ಕಾರ್ಟ್ರಿಜ್ ಹೊರಡಿಸುವ ವಿದ್ಯುತ್ ಸಂಕೇತವು ಕೆಲವೇ ಮಿಲಿವೋಲ್ಟುಗಳಷ್ಟಿದ್ದು, ವರ್ಧಕವು ಅದನ್ನು ಅನೇಕ ಪಟ್ಟು ಹೆಚ್ಚಿಸುತ್ತದೆ. ಆದ್ದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿಯೂ ಧ್ವನಿವರ್ಧಕದಲ್ಲಿ ದೊಡ್ಡದಾಗಿ ಕೇಳುತ್ತದೆ.

ಮುಳ್ಳಿನ ಭಾರದಲ್ಲಿ ವ್ಯತ್ಯಾಸ: ಆವೇಶವುಳ್ಳ ತಟ್ಟೆಯು ಕಾರ್ಟ್ರಿಜ್ಜನ್ನು ತನ್ನ ಕಡೆಗೆ ಸೆಳೆಯುವುದರಿಂದ ಮುಳ್ಳಿನ ಭಾರ ನಿಗದಿಗಿಂತ ಹೆಚ್ಚಬಹುದು. ಅಮೆರಿಕದ ಶ್ಯೂರ್ ಸಂಸ್ಥೆಯು 1978ರಲ್ಲಿ ಹೊರತಂದ ವಿ15 ಟೈಪ್ 4 ಎಂಬ ಕಾರ್ಟ್ರಿಜ್‌ನ ಮುಂಭಾಗದಲ್ಲಿ ವಾಹಕವಾದ ಇಂಗಾಲದ ಎಳೆಗಳ ಪುಟ್ಟ ಕುಂಚವೊಂದಿತ್ತು. ಅದು ಗೆರೆಯ ಧೂಳನ್ನು ಗುಡಿಸುತ್ತಲೇ ಆವೇಶವನ್ನೂ ತಗ್ಗಿಸುತ್ತಿತ್ತು.

ಸದ್ದಿನ ಮೂಲವನ್ನು ಗುರುತಿಸುವುದು

ಎಲ್ಲ ಚಟಪಟ ಸದ್ದಿಗೂ ಸ್ಥಿರ ವಿದ್ಯುತ್ತು ಕಾರಣವಲ್ಲ. ಮೂಲವನ್ನು ತಿಳಿಯದೆ ಪರಿಹಾರಕ್ಕೆ ಹೊರಟರೆ ಹಣವೂ ಶ್ರಮವೂ ವ್ಯರ್ಥವಾಗುತ್ತದೆ. ಕಿವಿಯಿಂದಲೇ ಗುರುತಿಸಲು ನೆರವಾಗುವ ಲಕ್ಷಣಗಳು ಹೀಗಿವೆ:

• ಗೀರಿನ ಸದ್ದು ಪ್ರತಿ ಸುತ್ತಿಗೂ ಒಮ್ಮೆ, ಒಂದೇ ಲಯದಲ್ಲಿ ಮರುಕಳಿಸುತ್ತದೆ. 33⅓ ಸುತ್ತಿನ ತಟ್ಟೆಯಲ್ಲಿ ಇದು 1.8 ಸೆಕೆಂಡಿಗೆ ಒಮ್ಮೆ, 45 ಸುತ್ತಿನದರಲ್ಲಿ ಸುಮಾರು 1.33 ಸೆಕೆಂಡಿಗೆ ಒಮ್ಮೆ ಬರುತ್ತದೆ.
• ಗೆರೆಯೊಳಗಿನ ಕೊಳೆಯ ಸದ್ದಿಗೆ ಲಯವಿಲ್ಲ. ಆದರೆ ಮತ್ತೊಮ್ಮೆ ನುಡಿಸಿದಾಗ ಬಹುಮಟ್ಟಿಗೆ ಅದೇ ಸ್ಥಳಗಳಲ್ಲಿಯೇ ಕೇಳಿಸುತ್ತದೆ.
• ಸ್ಥಿರ ವಿದ್ಯುತ್ತಿನ ಸದ್ದಿಗೆ ಲಯವೂ ಇಲ್ಲ, ಸ್ಥಳವೂ ಇಲ್ಲ. ಮರಳಿ ನುಡಿಸಿದಾಗ ಬೇರೆ ಸ್ಥಳಗಳಲ್ಲಿ ಕೇಳಿಸುತ್ತದೆ. ಒಣ ಹವೆಯ ದಿನಗಳಲ್ಲಿ ಹೆಚ್ಚುತ್ತದೆ, ಮಳೆಯ ದಿನಗಳಲ್ಲಿ ಕಡಿಮೆಯಾಗುತ್ತದೆ.

ತಟ್ಟೆಯ ಹತ್ತಿರ ಮುಂಗೈಯನ್ನು ತಂದಾಗ ರೋಮಗಳು ನಿಮಿರುವುದು, ತಟ್ಟೆಯೊಡನೆ ಹಾಸೂ ಮೇಲೇಳುವುದು ಆವೇಶವಿರುವುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಗಳು.

ಹವೆ ಮತ್ತು ಆರ್ದ್ರತೆ

ಗಾಳಿಯಲ್ಲಿ ತೇವಾಂಶವಿದ್ದಾಗ ವಸ್ತುಗಳ ಮೇಲ್ಮೈಯಲ್ಲಿ ನೀರಿನ ಅತಿ ತೆಳುವಾದ ಪದರ ಕೂರುತ್ತದೆ. ಅದರ ಮೂಲಕ ಆವೇಶವು ನಿಧಾನವಾಗಿ ಹರಿದುಹೋಗುತ್ತದೆ. ಸಾಪೇಕ್ಷ ಆರ್ದ್ರತೆಯು ಶೇ. 40ಕ್ಕಿಂತ ಕೆಳಗಿಳಿದಾಗ ಈ ದಾರಿ ಮುಚ್ಚಿಹೋಗಿ ಸಮಸ್ಯೆ ತೀವ್ರವಾಗುತ್ತದೆ. ಶೀತದೇಶಗಳಲ್ಲಿ ಚಳಿಗಾಲದಲ್ಲಿ ಕಾಯಿಸಿದ ಕೋಣೆಗಳು, ಬಿಸಿಲುನಾಡುಗಳಲ್ಲಿ ಬೇಸಗೆಯ ಒಣ ದಿನಗಳು, ದಿನವಿಡೀ ಹವಾನಿಯಂತ್ರಣವಿರುವ ಕೋಣೆಗಳು ಇದಕ್ಕೆ ಉದಾಹರಣೆ.

ಕರ್ನಾಟಕದೊಳಗೇ ಈ ವ್ಯತ್ಯಾಸವನ್ನು ಕಾಣಬಹುದು. ಕಲಬುರಗಿ, ವಿಜಯಪುರ, ರಾಯಚೂರು ಮೊದಲಾದ ಒಳನಾಡಿನ ಜಿಲ್ಲೆಗಳಲ್ಲಿ ಬೇಸಗೆಯ ಗಾಳಿ ಬಹಳ ಒಣಗಿರುವುದರಿಂದ ಅಲ್ಲಿ ಆವೇಶದ ತೊಂದರೆ ಹೆಚ್ಚು. ಕರಾವಳಿಯಲ್ಲಿ ವರ್ಷದ ಬಹುಭಾಗ ತೇವವಿರುವುದರಿಂದ ಆವೇಶದ ತೊಂದರೆ ಕಡಿಮೆ. ಅಲ್ಲಿನ ಶತ್ರು ಬೂಷ್ಟು. ಆರ್ದ್ರತೆ ಹೆಚ್ಚಿದರೆ ರಟ್ಟಿನ ಹೊದಿಕೆ, ಕಾಗದದ ಲಕೋಟೆ ಮತ್ತು ತಟ್ಟೆಯ ಮೇಲಿನ ಕೊಳೆಯಲ್ಲಿ ಬೂಷ್ಟು ಬೆಳೆಯುತ್ತದೆ. ಆದ್ದರಿಂದ ಆವೇಶವನ್ನು ತಗ್ಗಿಸಲು ಕೋಣೆಯನ್ನು ಅತಿಯಾಗಿ ತೇವಗೊಳಿಸುವುದು ಸರಿಯಲ್ಲ. ಆರ್ದ್ರತೆಯನ್ನು ಶೇ. 40ರಿಂದ 50ರ ಆಸುಪಾಸಿನಲ್ಲಿ ಇರಿಸುವುದು ಎರಡೂ ತೊಂದರೆಗಳ ನಡುವಿನ ಮಧ್ಯಮಾರ್ಗ.

ತಗ್ಗಿಸುವ ವಿಧಾನಗಳು

ಕೈಯಾಡಿಸುವ ಕ್ರಮ: ತಟ್ಟೆಯನ್ನು ಅಂಚು ಮತ್ತು ನಡುವಿನ ಕಾಗದದ ಚೀಟಿಯ ಭಾಗದಲ್ಲಿ ಮಾತ್ರ ಹಿಡಿಯಬೇಕು. ಲಕೋಟೆಯಿಂದ ಸರ್ರನೆ ಎಳೆಯದೆ, ಲಕೋಟೆಯ ಬಾಯನ್ನು ಸ್ವಲ್ಪ ಅಗಲಿಸಿ, ಕಾಗದ ತಟ್ಟೆಗೆ ಉಜ್ಜದಂತೆ ನಿಧಾನವಾಗಿ ಹೊರತೆಗೆಯಬೇಕು. ಒಣ ಬಟ್ಟೆಯಿಂದ, ಅದರಲ್ಲಿಯೂ ಉಣ್ಣೆ ಅಥವಾ ಕೃತಕ ನೂಲಿನ ಬಟ್ಟೆಯಿಂದ ತಟ್ಟೆಯನ್ನು ಒರೆಸುವ ಅಭ್ಯಾಸವು ಆವೇಶವನ್ನು ಹೆಚ್ಚಿಸುತ್ತದೆ. ಧೂಳು ಹೋದಂತೆ ಕಂಡರೂ ಕೆಲವೇ ನಿಮಿಷಗಳಲ್ಲಿ ಹೊಸ ಧೂಳು ಬಂದು ಕೂರುತ್ತದೆ.

ಒಳ ಲಕೋಟೆ: ಬರಿಯ ಕಾಗದದ ಲಕೋಟೆಗಳು ತಟ್ಟೆಗೆ ಉಜ್ಜುವುದಲ್ಲದೆ ತಮ್ಮದೇ ನಾರಿನ ಪುಡಿಯನ್ನೂ ಉದುರಿಸುತ್ತವೆ. ಒಳಮೈಗೆ ಪಾಲಿಥಿಲೀನ್ ಪದರವಿರುವ, ಆವೇಶನಿರೋಧಕವೆಂದು ಗುರುತಿಸಿದ ಲಕೋಟೆಗಳು ಉತ್ತಮ. ಮೆದುವಾದ ಪಿ.ವಿ.ಸಿ. ಹಾಳೆಯ ಲಕೋಟೆಗಳನ್ನು ಬಳಸಬಾರದು. ಅವುಗಳಲ್ಲಿರುವ ಮೆದುಕಾರಕಗಳು ಕಾಲಕ್ರಮದಲ್ಲಿ ತಟ್ಟೆಯ ಮೇಲ್ಮೈಯನ್ನು ಕೆಡಿಸುತ್ತವೆ.

ಟರ್ನ್‌ಟೇಬಲ್‌ನ ಹಾಸು: ಫೆಲ್ಟ್ ಹಾಸುಗಳು ತಟ್ಟೆಗೆ ಅಂಟಿಕೊಂಡು ಮೇಲೇಳುವುದು ಸಾಮಾನ್ಯವಾದ ದೂರು. ತಟ್ಟೆಯು ಲೋಹದ ಫಲಕದ ಮೇಲಿರುವಾಗ ಅದರ ಆವೇಶಕ್ಕೆ ಸರಿಸಮನಾದ ವಿರುದ್ಧ ಆವೇಶವು ಲೋಹದಲ್ಲಿ ಪ್ರೇರಿತವಾಗಿ ಹೊರಗಿನ ಪರಿಣಾಮ ಬಹಳ ಕಡಿಮೆ ಇರುತ್ತದೆ. ತಟ್ಟೆಯನ್ನು ಎತ್ತಿದೊಡನೆ ಆ ಜೊತೆ ಅಗಲಿ, ಅದೇ ಆವೇಶವು ಸಾವಿರಾರು ವೋಲ್ಟುಗಳ ವಿಭವವಾಗಿ ವ್ಯಕ್ತವಾಗುತ್ತದೆ. ನುಡಿಸಿ ಮುಗಿದ ಮೇಲೆ ತಟ್ಟೆಯನ್ನು ಎತ್ತುವ ಕ್ಷಣದಲ್ಲಿಯೇ ಚಟಪಟ ಸದ್ದು ಕೇಳುವುದು ಈ ಕಾರಣದಿಂದ. ಫೆಲ್ಟ್‌ಗೆ ಬದಲಾಗಿ ಬೆಂಡು, ರಬ್ಬರು ಅಥವಾ ಚರ್ಮದ ಹಾಸನ್ನು ಬಳಸುವವರಿದ್ದಾರೆ.

ಇಂಗಾಲದ ಎಳೆಯ ಕುಂಚ: ಕೂದಲಿಗಿಂತ ಸಣ್ಣದಾದ, ಸುಮಾರು 0.007 ಮಿ.ಮೀ. ದಪ್ಪದ ಇಂಗಾಲದ ಎಳೆಗಳಿಂದ ಈ ಕುಂಚವನ್ನು ಮಾಡುತ್ತಾರೆ. ಎಳೆಗಳ ಚೂಪಾದ ತುದಿಗಳ ಬಳಿ ವಿದ್ಯುತ್ ಕ್ಷೇತ್ರವು ತೀವ್ರಗೊಂಡು ಅಲ್ಲಿನ ಗಾಳಿಯು ಅಯಾನುಗಳಾಗುತ್ತದೆ. ಮಿಂಚುವಾಹಕದ ಮೊನೆಯಲ್ಲಿ ನಡೆಯುವುದೂ ಇದೇ. ತಟ್ಟೆಯ ಆವೇಶವು ಆ ಅಯಾನುಗಳಿಂದ ಬಹುಮಟ್ಟಿಗೆ ಸರಿತೂಗುತ್ತದೆ. ಕುಂಚದ ಲೋಹದ ಭಾಗವನ್ನು ಬರಿಗೈಯಿಂದ ಮುಟ್ಟಿಕೊಂಡಿದ್ದರೆ ಮಾತ್ರ ಆವೇಶಕ್ಕೆ ದೇಹದ ಮೂಲಕ ದಾರಿ ಸಿಗುತ್ತದೆ. ತಿರುಗುತ್ತಿರುವ ತಟ್ಟೆಯ ಮೇಲೆ ಹಗುರವಾಗಿ, ಒಂದೆರಡು ಸುತ್ತು ಹಿಡಿದು, ಬಳಿಕ ಅಂಚಿನ ಕಡೆಗೆ ಸರಿಸಿ ತೆಗೆಯುವುದು ರೂಢಿ. ಒತ್ತಿ ಉಜ್ಜಿದರೆ ಆವೇಶ ಮತ್ತೆ ಹೆಚ್ಚುತ್ತದೆ.

ಬ್ರಿಟನ್ನಿನ ಸೆಸಿಲ್ ವಾಟ್ಸ್ ಇಂತಹ ಸಾಧನಗಳ ರೂಪಣೆಯಲ್ಲಿ ಹೆಸರಾದವರು. ಅವರು ರೂಪಿಸಿದ ‘ಡಸ್ಟ್ ಬಗ್’ ಎಂಬ ಸಾಧನವು ತಟ್ಟೆ ನುಡಿಯುತ್ತಿರುವಾಗಲೇ ಮುಳ್ಳಿನ ಮುಂದೆ ಸಾಗಿ ಗೆರೆಯನ್ನು ಗುಡಿಸುತ್ತಿತ್ತು.

ಅಯಾನು ಪಿಸ್ತೂಲು: ಪಿಸ್ತೂಲಿನ ಆಕಾರದ ಈ ಸಾಧನದೊಳಗೆ ಒತ್ತಿದಾಗ ವಿದ್ಯುತ್ತನ್ನು ಹುಟ್ಟಿಸುವ ಹರಳುಗಳಿರುತ್ತವೆ. ಅಡುಗೆಮನೆಯ ಗ್ಯಾಸ್ ಲೈಟರ್ ಕೆಲಸ ಮಾಡುವುದೂ ಇದೇ ತತ್ತ್ವದಿಂದ. ಕುದುರೆಯನ್ನು ನಿಧಾನವಾಗಿ ಒತ್ತಿದಾಗ ಧನ ಅಯಾನುಗಳು, ನಿಧಾನವಾಗಿ ಬಿಟ್ಟಾಗ ಋಣ ಅಯಾನುಗಳು ಸೂಜಿಯ ಮೊನೆಯಿಂದ ಹೊರಬೀಳುತ್ತವೆ. ತಟ್ಟೆಯ ಮೇಲಿನ ಆವೇಶಕ್ಕೆ ವಿರುದ್ಧವಾದ ಅಯಾನುಗಳು ಅದರತ್ತ ಸೆಳೆಯಲ್ಪಟ್ಟು ಅದನ್ನು ರದ್ದುಗೊಳಿಸುತ್ತವೆ. ಮಿಲ್ಟಿ ಸಂಸ್ಥೆಯ ‘ಝೀರೋಸ್ಟಾಟ್’ ಈ ವರ್ಗದ ಪ್ರಸಿದ್ಧ ಸಾಧನ. ಸುಮಾರು ಒಂದು ಅಡಿ ದೂರದಿಂದ ಇದನ್ನು ಬಳಸುತ್ತಾರೆ. ಕುದುರೆಯನ್ನು ಅವಸರದಿಂದ ಒತ್ತಿದರೆ ‘ಟಿಕ್’ ಎಂದು ಕಿಡಿ ಹಾರುವುದೇ ಹೊರತು ಅಯಾನುಗಳು ಸರಿಯಾಗಿ ಹರಡುವುದಿಲ್ಲ. ಕಾರ್ಟ್ರಿಜ್‌ನ ಸಮೀಪದಲ್ಲಿ ಇದನ್ನು ಪ್ರಯೋಗಿಸಬಾರದು. ಗ್ಯಾಸ್ ಲೈಟರ್ ಇದಕ್ಕೆ ಬದಲಿಯಾಗದು. ಅದರಲ್ಲಿ ಕಿಡಿಯು ಎರಡು ಲೋಹಗಳ ನಡುವೆಯೇ ಹಾರಿ ಮುಗಿಯುತ್ತದೆ.

ತೊಳೆಯುವುದು: ಭಟ್ಟಿ ಇಳಿಸಿದ ನೀರಿಗೆ ಸೌಮ್ಯವಾದ ಮಾರ್ಜಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ ತಟ್ಟೆಯನ್ನು ತೊಳೆದು, ಮತ್ತೆ ಬರಿಯ ಭಟ್ಟಿ ನೀರಿನಿಂದ ಜಾಲಿಸಿದರೆ ಆವೇಶವೂ ಗೆರೆಯೊಳಗಿನ ಕೊಳೆಯೂ ಒಟ್ಟಿಗೆ ಹೋಗುತ್ತವೆ. ನಲ್ಲಿಯ ಅಥವಾ ಕೊಳವೆಬಾವಿಯ ಗಡಸು ನೀರು ಒಣಗಿದಾಗ ಗೆರೆಯಲ್ಲಿ ಲವಣವನ್ನು ಉಳಿಸುತ್ತದೆ. ತೇವವನ್ನು ಹೀರಿ ತೆಗೆಯುವ ಯಂತ್ರಗಳು ದೊಡ್ಡ ಸಂಗ್ರಹಗಳಿಗೆ ಅನುಕೂಲಕರ. ಆದರೆ ತಟ್ಟೆ ಒಣಗಿದ ಮೇಲೂ ಯಂತ್ರವನ್ನು ತಿರುಗಿಸುತ್ತಲೇ ಇದ್ದರೆ ಹೊಸದಾಗಿ ಆವೇಶ ಹುಟ್ಟುತ್ತದೆ. ತೊಳೆದ ತಟ್ಟೆಯನ್ನು ಹಳೆಯ ಲಕೋಟೆಗೆ ಮರಳಿಸದೆ ಹೊಸದರಲ್ಲಿ ಇಡಬೇಕು.

ಆವೇಶನಿರೋಧಕ ಸಿಂಪಡಣೆಗಳು ಮೇಲ್ಮೈಯಲ್ಲಿ ವಾಹಕ ಪದರವನ್ನು ಉಳಿಸಿ ಕೆಲಸ ಮಾಡುತ್ತವೆ. ಪದೇ ಪದೇ ಬಳಸಿದರೆ ಆ ಪದರವೇ ಗೆರೆಯಲ್ಲಿ ಶೇಖರವಾಗಿ ಮುಳ್ಳಿಗೆ ಅಂಟಿಕೊಳ್ಳುವುದರಿಂದ ಇವನ್ನು ಮಿತವಾಗಿ ಬಳಸಬೇಕು.

ಸಾಮಾನ್ಯ ತಪ್ಪು ತಿಳಿವಳಿಕೆಗಳು

ಟರ್ನ್‌ಟೇಬಲ್‌ನಿಂದ ವರ್ಧಕಕ್ಕೆ ಜೋಡಿಸುವ ಭೂಸಂಪರ್ಕದ ತಂತಿಯು ತಟ್ಟೆಯ ಆವೇಶವನ್ನು ತೆಗೆಯುತ್ತದೆ ಎಂಬ ನಂಬಿಕೆಯಿದೆ. ಆ ತಂತಿ ಇರುವುದು ಲೋಹದ ಭಾಗಗಳಿಗಾಗಿ. ಅದನ್ನು ಜೋಡಿಸದಿದ್ದರೆ ‘ಗುಂಯ್’ ಎಂಬ ನಿರಂತರ ಸದ್ದು ಕೇಳುತ್ತದೆ. ಅವಾಹಕವಾದ ತಟ್ಟೆಯ ಆವೇಶವು ಆ ದಾರಿಯನ್ನು ಹಿಡಿಯಲಾರದು.

ಆಲ್ಕೊಹಾಲ್ ಬೆರೆತ ದ್ರವವು ಎಲ್ಲ ತಟ್ಟೆಗಳಿಗೂ ಒಗ್ಗುತ್ತದೆ ಎಂಬುದು ಇದಕ್ಕಿಂತ ಅಪಾಯಕರವಾದ ತಪ್ಪು. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಇಂತಹ ದ್ರವದಿಂದ ಒರೆಸಿದ 78 ಸುತ್ತಿನ ತಟ್ಟೆಯ ಮೇಲ್ಮೈ ಕರಗಿ ಧ್ವನಿಯೇ ನಾಶವಾಗಬಹುದು. ಆದ್ದರಿಂದ ದ್ರವವನ್ನು ಆರಿಸುವ ಮೊದಲು ತಟ್ಟೆಯು ವಿನೈಲ್‌ನದೋ ಅರಗಿನದೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅರಗಿನ ತಟ್ಟೆ ಭಾರವಾಗಿ, ಬಾಗದೆ, ಬಿದ್ದರೆ ಒಡೆಯುವಂತಿರುತ್ತದೆ. ವಿನೈಲ್ ತಟ್ಟೆ ಹಗುರವಾಗಿ ಸ್ವಲ್ಪ ಬಾಗುತ್ತದೆ.

ಸಂರಕ್ಷಣೆಯಲ್ಲಿ ಮಹತ್ವ

ತಟ್ಟೆಗಳಲ್ಲಿರುವ ಧ್ವನಿಯನ್ನು ಗಣಕಕ್ಕೆ ವರ್ಗಾಯಿಸುವ ಕಾರ್ಯದಲ್ಲಿ ಸ್ಥಿರ ವಿದ್ಯುತ್ತಿನ ನಿವಾರಣೆಗೆ ವಿಶೇಷವಾದ ಮಹತ್ವವಿದೆ. ಗಣಕದ ತಂತ್ರಾಂಶಗಳು ಚಟಪಟ ಸದ್ದನ್ನು ಅಳಿಸಬಲ್ಲವಾದರೂ ಮೃದಂಗದ ಚಾಪು, ತಾಳದ ತಟ್ಟು ಮೊದಲಾದ ಚುರುಕಾದ ನಾದಗಳನ್ನೂ ಸದ್ದೆಂದು ಭಾವಿಸಿ ಮೊಟಕುಗೊಳಿಸುವ ಸಂಭವವಿದೆ. ಸದ್ದನ್ನು ಮೂಲದಲ್ಲಿಯೇ ತಡೆದರೆ ಸಂಗೀತಕ್ಕೆ ಕತ್ತರಿ ಹಾಕುವ ಅಗತ್ಯ ಬಾರದು.

ಕನ್ನಡ ಚಲನಚಿತ್ರಗೀತೆಗಳ ಇ.ಪಿ. ತಟ್ಟೆಗಳು, ಕರ್ನಾಟಕ ಮತ್ತು ಹಿಂದೂಸ್ತಾನಿ ಸಂಗೀತದ ಎಲ್.ಪಿ. ತಟ್ಟೆಗಳು ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿವೆ. ಇವುಗಳಲ್ಲಿ ಮರುಮುದ್ರಣಗೊಳ್ಳದ ಧ್ವನಿಮುದ್ರಣಗಳ ಮಟ್ಟಿಗೆ ಉಳಿದಿರುವ ತಟ್ಟೆಯೇ ಆಕರ. ಬಹುಕಾಲದಿಂದ ಮುಟ್ಟದೆ ಇಟ್ಟಿದ್ದ ತಟ್ಟೆಯನ್ನು ಒಣ ಬಟ್ಟೆಯಿಂದ ಒರೆಸಿ ಕೂಡಲೇ ನುಡಿಸುವುದಕ್ಕಿಂತ, ಮೊದಲು ತೊಳೆದು, ಆವೇಶವನ್ನು ತಗ್ಗಿಸಿ, ಮುಳ್ಳಿನ ಸ್ಥಿತಿಯನ್ನು ಪರೀಕ್ಷಿಸಿ ಆ ಬಳಿಕ ನುಡಿಸುವುದು ಕ್ಷೇಮಕರ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಬಿಸಿಲು ಮತ್ತು ಕಾವಿನಿಂದ ದೂರದಲ್ಲಿ, ನೆಟ್ಟಗೆ ನಿಲ್ಲಿಸಿ ಇಡಬೇಕು.